ಚೀನೀ ಗಿಡಮೂಲಿಕೆಗಳು ಮತ್ತು ಕಿರುತಟ್ಟೆ ನಿರೋಧಕ ಔಷಧಗಳ ಪರಸ್ಪರ ಕ್ರಿಯೆ

ಚೀನೀ ಗಿಡಮೂಲಿಕೆಗಳು ಮತ್ತು ಕಿರುತಟ್ಟೆ ನಿರೋಧಕ ಔಷಧಗಳ ಪರಸ್ಪರ ಕ್ರಿಯೆ ಎಂಬುದು, ಹೃದಯಾಘಾತದ ಅಥವಾ ಸ್ಟೆಂಟ್ ಅಳವಡಿಕೆಯ ನಂತರ ಸೇವಿಸುವ ಆಸ್ಪಿರಿನ್, ಕ್ಲೊಪಿಡೋಗ್ರೆಲ್ ಮುಂತಾದ ಔಷಧಗಳ ಪರಿಣಾಮವನ್ನು ಚೀನಾದ ಸಾಂಪ್ರದಾಯಿಕ ವೈದ್ಯಪದ್ಧತಿಯ ಮೂಲಿಕೆಗಳು ಹೆಚ್ಚಿಸುವ ಅಥವಾ ತಗ್ಗಿಸುವ ವಿದ್ಯಮಾನವಾಗಿದೆ. ಪರಿಣಾಮ ಹೆಚ್ಚಿದರೆ ಜಠರ, ಕರುಳು ಅಥವಾ ಮಿದುಳಿನಲ್ಲಿ ರಕ್ತಸ್ರಾವವಾಗುವ ಅಪಾಯವಿದೆ. ತಗ್ಗಿದರೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿ ಮತ್ತೊಮ್ಮೆ ಹೃದಯಾಘಾತವಾಗುವ ಸಾಧ್ಯತೆಯಿದೆ. ಸಾರ್ವಜನಿಕ ಎಚ್ಚರಿಕೆಗಳು ಸಾಮಾನ್ಯವಾಗಿ ಮೊದಲನೆಯ ಅಪಾಯವನ್ನು ಮಾತ್ರ ಹೇಳುತ್ತವೆ. ಎರಡನೆಯದು ಅಷ್ಟೇ ಗಂಭೀರವಾದುದು.

ಚೀನಾದಲ್ಲಿ ಈ ಎರಡು ಬಗೆಯ ಔಷಧಗಳನ್ನು ಒಟ್ಟಿಗೆ ಸೇವಿಸುವುದು ಅಪವಾದವಲ್ಲ, ರೂಢಿ. ಹೃದ್ರೋಗಿಗೆ ಆಸ್ಪಿರಿನ್ ಬರೆದುಕೊಡುವ ಆಸ್ಪತ್ರೆಯೇ ಡಾನ್‌ಶೆನ್ ಗುಳಿಗೆಯನ್ನೂ ಬರೆದುಕೊಡುವುದುಂಟು. ತೈವಾನ್, ಹಾಂಗ್‌ಕಾಂಗ್, ಸಿಂಗಾಪುರಗಳಲ್ಲಿಯೂ ವಿದೇಶಗಳ ಚೀನೀ ಸಮುದಾಯಗಳಲ್ಲಿಯೂ ಇಂತಹ ಸೇವನೆ ವ್ಯಾಪಕವಾಗಿದೆ. ಆದರೆ ಅಲ್ಲಿ ಅನೇಕ ವೇಳೆ ಹೃದ್ರೋಗ ತಜ್ಞರಿಗೆ ಮೂಲಿಕೆಯ ವಿಷಯವಾಗಲಿ, ಮೂಲಿಕೆ ವೈದ್ಯರಿಗೆ ಮಾತ್ರೆಯ ವಿಷಯವಾಗಲಿ ತಿಳಿದಿರುವುದಿಲ್ಲ.

ಕಿರುತಟ್ಟೆ ನಿರೋಧಕ ಔಷಧಗಳು

ಪ್ಲೇಟ್‌ಲೆಟ್ ಎಂದು ಪರಿಚಿತವಾಗಿರುವ ಕಿರುತಟ್ಟೆಗಳು ರಕ್ತದಲ್ಲಿ ತೇಲುವ, ಕೋಶಕೇಂದ್ರವಿಲ್ಲದ ಸಣ್ಣ ಕಣಗಳು. ಆರೋಗ್ಯವಂತರ ರಕ್ತದ ಪ್ರತಿ ಮೈಕ್ರೊಲೀಟರಿನಲ್ಲಿ ಇವು ಸುಮಾರು 1.5 ಲಕ್ಷದಿಂದ 4.5 ಲಕ್ಷದವರೆಗೆ ಇರುತ್ತವೆ. ರಕ್ತನಾಳದ ಒಳಪದರ ಹರಿದಾಗ ಇವು ಆ ಸ್ಥಳಕ್ಕೆ ಅಂಟಿಕೊಂಡು, ರಾಸಾಯನಿಕ ಸಂದೇಶಗಳ ಮೂಲಕ ಇತರ ಕಿರುತಟ್ಟೆಗಳನ್ನು ಸೇರಿಸಿಕೊಂಡು ಗಾಯವನ್ನು ಮುಚ್ಚುತ್ತವೆ. ಹೃದಯದ ಪರಿಧಮನಿಯಲ್ಲಿ ಕೊಬ್ಬಿನ ಗಡ್ಡೆ ಒಡೆದಾಗಲೂ ನಡೆಯುವುದು ಇದೇ ಕ್ರಿಯೆ. ಅಲ್ಲಿ ಅದು ನಾಳವನ್ನೇ ಮುಚ್ಚಿ ಹೃದಯಾಘಾತಕ್ಕೆ ಕಾರಣವಾಗುತ್ತದೆ.

ಕಿರುತಟ್ಟೆಗಳು ಪರಸ್ಪರ ಕಳುಹಿಸುವ ಸಂದೇಶಗಳಲ್ಲಿ ಥ್ರಾಂಬಾಕ್ಸೇನ್ ಎ2 ಮತ್ತು ಎಡಿಪಿ ಎಂಬ ಎರಡು ವಸ್ತುಗಳು ಪ್ರಧಾನವಾದವು. ಆಸ್ಪಿರಿನ್ ಮೊದಲನೆಯದನ್ನು ತಡೆಯುತ್ತದೆ. ಥ್ರಾಂಬಾಕ್ಸೇನ್ ತಯಾರಿಕೆಗೆ ಬೇಕಾದ ಕಾಕ್ಸ್-1 ಎಂಬ ಕಿಣ್ವಕ್ಕೆ ಅದು ಶಾಶ್ವತವಾಗಿ ಒಂದು ಅಸಿಟೈಲ್ ಗುಂಪನ್ನು ಜೋಡಿಸುತ್ತದೆ. ಕೋಶಕೇಂದ್ರವಿಲ್ಲದ ಕಾರಣ ಕಿರುತಟ್ಟೆಯು ಹೊಸ ಕಿಣ್ವವನ್ನು ತಯಾರಿಸಿಕೊಳ್ಳಲಾರದು. ಹೀಗಾಗಿ ಅದರ 7ರಿಂದ 10 ದಿನಗಳ ಆಯುಷ್ಯದುದ್ದಕ್ಕೂ ಔಷಧದ ಪರಿಣಾಮ ಉಳಿಯುತ್ತದೆ. 1988ರಲ್ಲಿ ಪ್ರಕಟವಾದ, 17,187 ರೋಗಿಗಳನ್ನೊಳಗೊಂಡ ಐಸಿಸ್-2 ಅಧ್ಯಯನದಲ್ಲಿ, ಹೃದಯಾಘಾತವಾದವರಿಗೆ ಒಂದು ತಿಂಗಳ ಕಾಲ ಆಸ್ಪಿರಿನ್ ನೀಡಿದಾಗ ಐದು ವಾರಗಳೊಳಗಿನ ಸಾವು ಸುಮಾರು ಶೇ. 23ರಷ್ಟು ತಗ್ಗಿತು.

ಕ್ಲೊಪಿಡೋಗ್ರೆಲ್, ಪ್ರಾಸುಗ್ರೆಲ್ ಮತ್ತು ಟಿಕಾಗ್ರೆಲಾರ್ ಎಂಬ ಔಷಧಗಳು ಎಡಿಪಿಯ ಸಂದೇಶವನ್ನು ಸ್ವೀಕರಿಸುವ ಪಿ2ವೈ12 ಗ್ರಾಹಕವನ್ನು ಮುಚ್ಚುತ್ತವೆ. ಸ್ಟೆಂಟ್ ಅಳವಡಿಸಿದ ಮೇಲೆ ಆಸ್ಪಿರಿನ್ ಜೊತೆಗೆ ಇವುಗಳಲ್ಲಿ ಒಂದನ್ನು ಕೆಲವು ತಿಂಗಳುಗಳಿಂದ ಒಂದು ವರ್ಷದವರೆಗೆ ನೀಡುವುದು ವಾಡಿಕೆ. ಎರಡು ಔಷಧಗಳು ಸೇರಿದಾಗ ರಕ್ಷಣೆಯೂ ಹೆಚ್ಚುತ್ತದೆ, ರಕ್ತಸ್ರಾವವೂ ಹೆಚ್ಚುತ್ತದೆ. 12,562 ರೋಗಿಗಳನ್ನೊಳಗೊಂಡ 2001ರ ಕ್ಯೂರ್ ಅಧ್ಯಯನದಲ್ಲಿ ಆಸ್ಪಿರಿನ್‌ಗೆ ಕ್ಲೊಪಿಡೋಗ್ರೆಲ್ ಸೇರಿಸಿದಾಗ ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದ್ರೋಗದ ಸಾವುಗಳ ಒಟ್ಟು ಪ್ರಮಾಣ ಶೇ. 11.4ರಿಂದ 9.3ಕ್ಕೆ ಇಳಿಯಿತು, ದೊಡ್ಡ ರಕ್ತಸ್ರಾವದ ಪ್ರಮಾಣ ಶೇ. 2.7ರಿಂದ 3.7ಕ್ಕೆ ಏರಿತು. ಮೂಲಿಕೆಯ ರೂಪದಲ್ಲಿ ಮೂರನೆಯ ವಸ್ತುವೊಂದು ಸೇರುವುದು ಇಷ್ಟು ಕಿರಿದಾದ ಈ ಅಂತರದೊಳಗೆ.

ರಕ್ತಸ್ತಂಭನದ ಪರಿಕಲ್ಪನೆ

ಚೀನೀ ವೈದ್ಯಶಾಸ್ತ್ರದಲ್ಲಿ ರಕ್ತವು ಚಲನೆ ಕಳೆದುಕೊಂಡು ನಿಲ್ಲುವುದನ್ನು 'ಶ್ವೆಯೂ' ಎಂದೂ, ಅದನ್ನು ಚಲಿಸುವಂತೆ ಮಾಡುವ ಚಿಕಿತ್ಸೆಯನ್ನು 'ಹ್ವೊಶ್ವೆ ಹ್ವಾಯೂ' ಎಂದೂ ಕರೆಯಲಾಗುತ್ತದೆ. ಛಿಂಗ್ ರಾಜವಂಶದ ಕಾಲದ ವೈದ್ಯ ವಾಂಗ್ ಛಿಂಗ್‌ರನ್ (1768–1831) ಈ ಚಿಕಿತ್ಸಾಕ್ರಮಕ್ಕೆ ಪ್ರಾಮುಖ್ಯ ತಂದುಕೊಟ್ಟವನು. ಅವನು 1830ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿನ ಶ್ವೆಫೂ ಝೂಯೂ ಕಷಾಯವು ಇಂದಿಗೂ ಎದೆನೋವಿಗೆ ಬಳಕೆಯಲ್ಲಿದೆ. 1970ರ ದಶಕದಲ್ಲಿ ಬೀಜಿಂಗ್‌ನ ವೈದ್ಯರಾದ ಗುವೊ ಶಿಕ್ವೇ, ಛೆನ್ ಕಜಿ ಮೊದಲಾದವರು ಇದೇ ತತ್ತ್ವದ ಮೇಲೆ 'ಗ್ವಾನ್‌ಶಿನ್ 2' ಎಂಬ ಮಿಶ್ರಣವನ್ನು ರೂಪಿಸಿದರು. ಡಾನ್‌ಶೆನ್, ಛ್ವಾನ್‌ಶ್ಯೊಂಗ್, ಕೆಂಪು ಪಿಯೋನಿ ಬೇರು, ಕುಸುಬೆ ಹೂವು ಮತ್ತು ಜ್ಯಾಂಗ್‌ಶ್ಯಾಂಗ್ ಎಂಬ ಸುಗಂಧದ ಕಟ್ಟಿಗೆ ಇದರ ಐದು ಘಟಕಗಳು.

ನಿಂತ ರಕ್ತವನ್ನು ಚಲಿಸುವಂತೆ ಮಾಡುವುದೆಂಬ ಸಾಂಪ್ರದಾಯಿಕ ವಿವರಣೆ ಹಾಗೂ ಕಿರುತಟ್ಟೆಗಳು ಒಟ್ಟುಗೂಡದಂತೆ ತಡೆಯುವುದೆಂಬ ಆಧುನಿಕ ವಿವರಣೆ ಒಂದೇ ಅಲ್ಲ. ಆದರೆ ಈ ವರ್ಗದ ಮೂಲಿಕೆಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಅನೇಕವು ಕಿರುತಟ್ಟೆಗಳ ಒಗ್ಗೂಡುವಿಕೆಯನ್ನು ತಗ್ಗಿಸುವುದು ಕಂಡುಬಂದಿದೆ. ಪರಸ್ಪರ ಕ್ರಿಯೆಯ ಪ್ರಶ್ನೆ ಹುಟ್ಟುವುದು ಇಲ್ಲಿಯೇ: ಹೃದ್ರೋಗಿಗೆ ಯಾವ ಕಾರಣಕ್ಕೆ ಮಾತ್ರೆಯನ್ನು ಕೊಡಲಾಗುತ್ತದೆಯೋ ಅದೇ ಕಾರಣಕ್ಕೆ ಮೂಲಿಕೆಯನ್ನೂ ಕೊಡಲಾಗುತ್ತದೆ. ಆದ್ದರಿಂದ ಎರಡೂ ಒಬ್ಬನೇ ರೋಗಿಯಲ್ಲಿ ಸಂಧಿಸುವುದು ಆಕಸ್ಮಿಕವಲ್ಲ.

ಪಾಶ್ಚಾತ್ಯ ಔಷಧವನ್ನೂ ಚೀನೀ ಔಷಧವನ್ನೂ ಬೆರೆಸುವ ಪ್ರಯತ್ನ ಇತ್ತೀಚಿನದೂ ಅಲ್ಲ. ಝಾಂಗ್ ಶಿಚುನ್ (1860–1933) ಎಂಬ ವೈದ್ಯನು ಜ್ವರಕ್ಕೆ ಆಸ್ಪಿರಿನ್ ಮತ್ತು ಜಿಪ್ಸಮ್ ಖನಿಜವನ್ನು ಸೇರಿಸಿ ಕೊಡುವ ಯೋಗವೊಂದನ್ನು ತನ್ನ ಗ್ರಂಥದಲ್ಲಿ ದಾಖಲಿಸಿದ್ದಾನೆ. ಪರಂಪರೆಯಲ್ಲಿ 'ಹದಿನೆಂಟು ವಿರೋಧಗಳು' ಎಂಬ ಹೊಂದಾಣಿಕೆಯಾಗದ ಮೂಲಿಕೆಗಳ ಪಟ್ಟಿಯೂ ಇದೆ. ಡಾನ್‌ಶೆನ್ ಅದರಲ್ಲಿ ಒಂದು. ಆದರೆ ಆ ಪಟ್ಟಿ ಮೂಲಿಕೆ ಮೂಲಿಕೆಗಳ ನಡುವಿನ ವಿರೋಧವನ್ನು ಕುರಿತದ್ದು. ಸ್ಟೆಂಟಿನ ಕಾಲದ ಮಾತ್ರೆಗಳ ಬಗ್ಗೆ ಅದರಿಂದ ಏನೂ ತಿಳಿಯುವಂತಿಲ್ಲ.

ಕ್ರಿಯೆಯ ಬಗೆಗಳು

ಪರಸ್ಪರ ಕ್ರಿಯೆಯು ಎರಡು ದಾರಿಗಳಲ್ಲಿ ನಡೆಯುತ್ತದೆ. ಮೊದಲನೆಯದರಲ್ಲಿ ಮೂಲಿಕೆ ಮತ್ತು ಮಾತ್ರೆ ಎರಡೂ ಸ್ವತಂತ್ರವಾಗಿ ಕಿರುತಟ್ಟೆಯ ಮೇಲೆ ಪ್ರಭಾವ ಬೀರಿ, ಪರಿಣಾಮಗಳು ಕೂಡಿಕೊಳ್ಳುತ್ತವೆ. ರಕ್ತದಲ್ಲಿನ ಔಷಧದ ಪ್ರಮಾಣ ಇಲ್ಲಿ ಬದಲಾಗುವುದಿಲ್ಲ. ಎರಡನೆಯದರಲ್ಲಿ ಮೂಲಿಕೆಯು ಔಷಧದ ಹೀರಿಕೆ, ಚಯಾಪಚಯ ಅಥವಾ ವಿಸರ್ಜನೆಯನ್ನು ಬದಲಿಸಿ ಅದರ ಪ್ರಮಾಣವನ್ನೇ ಏರುಪೇರು ಮಾಡುತ್ತದೆ.

ಎರಡನೆಯ ಬಗೆಯನ್ನು ತಿಳಿಯಲು ಕ್ಲೊಪಿಡೋಗ್ರೆಲ್ ಉತ್ತಮ ಉದಾಹರಣೆ. ನುಂಗಿದ ರೂಪದಲ್ಲಿ ಈ ಔಷಧಕ್ಕೆ ಯಾವ ಶಕ್ತಿಯೂ ಇಲ್ಲ. ಹೀರಲ್ಪಟ್ಟ ಔಷಧದ ಸುಮಾರು ಶೇ. 85ರಷ್ಟನ್ನು ಯಕೃತ್ತಿನ ಕಾರ್ಬಾಕ್ಸಿಲೆಸ್ಟರೇಸ್-1 ಎಂಬ ಕಿಣ್ವವು ನಿಷ್ಪ್ರಯೋಜಕ ವಸ್ತುವಾಗಿ ಒಡೆದುಬಿಡುತ್ತದೆ. ಉಳಿದ ಸುಮಾರು ಶೇ. 15ರಷ್ಟನ್ನು ಸಿವೈಪಿ ಕುಟುಂಬದ ಕಿಣ್ವಗಳು, ವಿಶೇಷವಾಗಿ ಸಿವೈಪಿ2ಸಿ19, ಎರಡು ಹಂತಗಳಲ್ಲಿ ಸಕ್ರಿಯ ರೂಪಕ್ಕೆ ತರುತ್ತವೆ. ಇಲ್ಲಿ ಸಾಮಾನ್ಯ ತರ್ಕ ತಲೆಕೆಳಗಾಗುತ್ತದೆ. ಬಹುತೇಕ ಔಷಧಗಳಲ್ಲಿ ಸಿವೈಪಿ ಕಿಣ್ವವನ್ನು ತಡೆದರೆ ಔಷಧದ ಪರಿಣಾಮ ಹೆಚ್ಚುತ್ತದೆ. ಕ್ಲೊಪಿಡೋಗ್ರೆಲ್‌ನಲ್ಲಿ ಸಿವೈಪಿ2ಸಿ19 ಅನ್ನು ತಡೆದರೆ ಪರಿಣಾಮ ಕುಗ್ಗುತ್ತದೆ. ಆಮ್ಲಪಿತ್ತಕ್ಕೆ ಕೊಡುವ ಒಮೆಪ್ರಜೋಲ್ ಮಾತ್ರೆಯನ್ನು ಇದರ ಜೊತೆ ಬಳಸಬಾರದೆಂಬ ಎಚ್ಚರಿಕೆಗೆ ಇದೇ ಕಾರಣ. ಹಾಗೆಯೇ, ಕಾರ್ಬಾಕ್ಸಿಲೆಸ್ಟರೇಸ್ ಅನ್ನು ತಡೆಯುವ ಮೂಲಿಕೆಯು ವ್ಯರ್ಥವಾಗಬೇಕಿದ್ದ ಔಷಧವನ್ನು ಸಕ್ರಿಯ ದಾರಿಗೆ ತಿರುಗಿಸಿ ರಕ್ತಸ್ರಾವವನ್ನು ಹೆಚ್ಚಿಸಬಹುದು.

ಟಿಕಾಗ್ರೆಲಾರ್ ಹಾಗಲ್ಲ. ಅದು ನುಂಗಿದ ರೂಪದಲ್ಲಿಯೇ ಸಕ್ರಿಯವಾಗಿದ್ದು, ಸಿವೈಪಿ3ಎ4 ಎಂಬ ಕಿಣ್ವದಿಂದ ಕರಗುತ್ತದೆ. ಆದ್ದರಿಂದ ಆ ಕಿಣ್ವವನ್ನು ಉತ್ತೇಜಿಸುವ ಮೂಲಿಕೆ ಅದನ್ನು ದುರ್ಬಲಗೊಳಿಸುತ್ತದೆ, ತಡೆಯುವ ಮೂಲಿಕೆ ಪ್ರಬಲಗೊಳಿಸುತ್ತದೆ. ಒಂದೇ ಗಿಡಮೂಲಿಕೆ ಒಂದು ಮಾತ್ರೆಯ ಜೊತೆ ರಕ್ತಸ್ರಾವಕ್ಕೂ ಇನ್ನೊಂದರ ಜೊತೆ ಹೆಪ್ಪುಗಟ್ಟುವಿಕೆಗೂ ಕಾರಣವಾಗಬಲ್ಲದು. 'ಮೂಲಿಕೆಗಳು ರಕ್ತವನ್ನು ತೆಳುವಾಗಿಸುತ್ತವೆ' ಎಂಬ ಜನಪ್ರಿಯ ಒಕ್ಕಣೆ ಈ ಕಾರಣದಿಂದ ಅಪೂರ್ಣವಾದುದು.

ಡಾನ್‌ಶೆನ್

ಡಾನ್‌ಶೆನ್ ಎಂಬುದು ಸಾಲ್ವಿಯಾ ಮಿಲ್ಟಿಯೊರೈಜಾ ಎಂಬ ಗಿಡದ ಕೆಂಪು ಬೇರು. ಈ ಗಿಡವು ತುಳಸಿ, ಪುದೀನ, ದೊಡ್ಡಪತ್ರೆಗಳ ಕುಟುಂಬಕ್ಕೆ ಸೇರಿದೆ. ಹೃದ್ರೋಗಕ್ಕೆ ಬಳಸುವ ಚೀನೀ ಮೂಲಿಕೆಗಳಲ್ಲಿ ಇದೇ ಅತ್ಯಂತ ಪ್ರಮುಖವಾದುದು. ಚೀನಾದ ಅಧಿಕೃತ ಔಷಧಕೋಶವು ದಿನವೊಂದಕ್ಕೆ 10ರಿಂದ 15 ಗ್ರಾಂ ಒಣಬೇರನ್ನು ಸೂಚಿಸುತ್ತದೆ.

ಬೇರಿನಲ್ಲಿ ಎರಡು ಗುಂಪಿನ ರಾಸಾಯನಿಕಗಳಿವೆ. ಸಾಲ್ವಿಯಾನಾಲಿಕ್ ಆಮ್ಲಗಳು ನೀರಿನಲ್ಲಿ ಕರಗುತ್ತವೆ. ಬೇರಿಗೆ ಕೆಂಪು ಬಣ್ಣ ಕೊಡುವ ಟ್ಯಾನ್‌ಶಿನೋನ್‌ಗಳು ನೀರಿನಲ್ಲಿ ಬಹಳ ಕಡಿಮೆ ಕರಗುತ್ತವೆ. ಮದ್ಯಸಾರದಲ್ಲಿ ಚೆನ್ನಾಗಿ ಕರಗುತ್ತವೆ. ಪರಸ್ಪರ ಕ್ರಿಯೆಯ ದೃಷ್ಟಿಯಿಂದ ಈ ವ್ಯತ್ಯಾಸ ಬಹಳ ಮುಖ್ಯವಾದುದು, ಆದರೂ ಸಾಮಾನ್ಯ ಬರಹಗಳಲ್ಲಿ ಇದರ ಪ್ರಸ್ತಾಪ ಅಪರೂಪ. ಸಾಲ್ವಿಯಾನಾಲಿಕ್ ಆಮ್ಲಗಳು ಪ್ರಯೋಗಾಲಯದಲ್ಲಿ ನೇರವಾಗಿ ಕಿರುತಟ್ಟೆಗಳ ಮೇಲೆ ಕೆಲಸ ಮಾಡುತ್ತವೆ. ಟ್ಯಾನ್‌ಶಿನೋನ್‌ಗಳು ಯಕೃತ್ತಿನ ಕಿಣ್ವಗಳ ಮೇಲೆ ಕೆಲಸ ಮಾಡುತ್ತವೆ. ಮಾನವ ಕಾರ್ಬಾಕ್ಸಿಲೆಸ್ಟರೇಸ್‌ಗಳನ್ನು ಅವು ತಡೆಯುತ್ತವೆಂದು 2013ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಹೀಗಾಗಿ ಮನೆಯಲ್ಲಿ ನೀರಿನಲ್ಲಿ ಕುದಿಸಿದ ಕಷಾಯ, ಮದ್ಯಸಾರದಲ್ಲಿ ತೆಗೆದ ಸಾರದ ಮಾತ್ರೆ, ಆಸ್ಪತ್ರೆಯಲ್ಲಿ ಕೊಡುವ ಚುಚ್ಚುಮದ್ದು ಈ ಮೂರಕ್ಕೂ ಡಾನ್‌ಶೆನ್ ಎಂಬ ಒಂದೇ ಹೆಸರಿದ್ದರೂ ಔಷಧದ ಜೊತೆಗಿನ ಅವುಗಳ ವರ್ತನೆ ಒಂದೇ ಆಗಿರಬೇಕಿಲ್ಲ. ಚೀನಾದಲ್ಲಿ ಆರೋಗ್ಯವಂತರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಎರಡು ವಾರ ಡಾನ್‌ಶೆನ್ ಮಾತ್ರೆ ಸೇವಿಸಿದವರ ದೇಹವು ಮಿಡಜೋಲಾಮ್ ಎಂಬ ಔಷಧವನ್ನು ಮೊದಲಿಗಿಂತ ಬೇಗ ಹೊರಹಾಕಿತು. ಇದು ಸಿವೈಪಿ3ಎ4 ಉತ್ತೇಜನಗೊಂಡುದರ ಲಕ್ಷಣ. ಟಿಕಾಗ್ರೆಲಾರ್ ಕರಗುವುದೂ ಇದೇ ಕಿಣ್ವದಿಂದ ಎಂಬುದನ್ನು ನೆನೆದರೆ ಈ ಫಲಿತಾಂಶದ ಮಹತ್ತ್ವ ತಿಳಿಯುತ್ತದೆ.

ಡಾನ್‌ಶೆನ್ ಕುರಿತ ಆತಂಕ ಮೊದಲು ಹುಟ್ಟಿದ್ದು ಕಿರುತಟ್ಟೆ ನಿರೋಧಕಗಳಿಂದಲ್ಲ, ವಾರ್ಫರಿನ್‌ನಿಂದ. 1990ರ ದಶಕದಲ್ಲಿ ಹಾಂಗ್‌ಕಾಂಗ್‌ನ ವೈದ್ಯರು, ವಾರ್ಫರಿನ್ ಸೇವಿಸುತ್ತಿದ್ದ ರೋಗಿಗಳಲ್ಲಿ ಡಾನ್‌ಶೆನ್ ಬಳಕೆಯ ನಂತರ ರಕ್ತ ಹೆಪ್ಪುಗಟ್ಟುವ ಶಕ್ತಿ ಅಪಾಯಕರವಾಗಿ ಕುಸಿದ ಪ್ರಕರಣಗಳನ್ನು ವರದಿ ಮಾಡಿದರು. ಈ ವರದಿಗಳನ್ನು ಆಧರಿಸಿ ಆಸ್ಪಿರಿನ್ ಜೊತೆಗೂ ಹೀಗೆಯೇ ಆಗುತ್ತದೆಂದು ಹೇಳುವುದುಂಟು. ಇದು ಎಚ್ಚರಿಕೆಗೆ ಸಾಕು, ನಿರ್ಣಯಕ್ಕೆ ಸಾಲದು. ವಾರ್ಫರಿನ್ ಯಕೃತ್ತಿನಲ್ಲಿ ತಯಾರಾಗುವ ಹೆಪ್ಪುಗಟ್ಟಿಸುವ ಅಂಶಗಳನ್ನು ತಡೆಯುವ ಔಷಧ. ಕಿರುತಟ್ಟೆಗಳಿಗೂ ಅದಕ್ಕೂ ನೇರ ಸಂಬಂಧವಿಲ್ಲ, ಅದನ್ನು ಕರಗಿಸುವ ಕಿಣ್ವಗಳೂ ಬೇರೆ.

ಗಿಂಕ್ಗೊ

ಗಿಂಕ್ಗೊ ಬಿಲೋಬಾ ಚೀನಾ ಮೂಲದ ಪುರಾತನ ಮರ. ಚೀನೀ ವೈದ್ಯದಲ್ಲಿ ಹೆಚ್ಚಾಗಿ ಬಳಕೆಯಲ್ಲಿದ್ದುದು ಅದರ ಬೀಜ. ಇಂದು ಜಗತ್ತಿನಾದ್ಯಂತ ನೆನಪಿನ ಶಕ್ತಿಗೆಂದು ಮಾರಾಟವಾಗುವ ಎಲೆಯ ಸಾರವು 1960ರ ದಶಕದಲ್ಲಿ ಜರ್ಮನಿಯಲ್ಲಿ ರೂಪುಗೊಂಡ ಉತ್ಪನ್ನ. ಆದ್ದರಿಂದ ಇದನ್ನು ಪೂರ್ಣಾರ್ಥದಲ್ಲಿ ಸಾಂಪ್ರದಾಯಿಕ ಚೀನೀ ಔಷಧವೆನ್ನುವುದು ಕಷ್ಟ. ಆದರೂ ಪರಸ್ಪರ ಕ್ರಿಯೆಯ ಸಾಹಿತ್ಯದಲ್ಲಿ ಅತಿ ಹೆಚ್ಚು ಚರ್ಚೆಯಾಗಿರುವ ಹೆಸರು ಇದೇ.

1997ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ, ಪ್ರತಿದಿನ 325 ಮಿಲಿಗ್ರಾಂ ಆಸ್ಪಿರಿನ್ ಸೇವಿಸುತ್ತಿದ್ದ 70 ವರ್ಷದ ವ್ಯಕ್ತಿಯೊಬ್ಬರು ಗಿಂಕ್ಗೊ ಮಾತ್ರೆ ಆರಂಭಿಸಿದ ಒಂದು ವಾರದಲ್ಲಿ ಕಣ್ಣಿನೊಳಗೆ ರಕ್ತಸ್ರಾವ ಕಂಡ ಪ್ರಕರಣ ಪ್ರಕಟವಾಯಿತು. ಗಿಂಕ್ಗೊ ನಿಲ್ಲಿಸಿ ಆಸ್ಪಿರಿನ್ ಮುಂದುವರಿಸಿದಾಗ ಅದು ಮರುಕಳಿಸಲಿಲ್ಲ. ಇದಕ್ಕೆ ವಿವರಣೆಯೂ ಸಿದ್ಧವಿತ್ತು: ಎಲೆಯಲ್ಲಿರುವ ಗಿಂಕ್ಗೊಲೈಡ್ ಬಿ ಎಂಬ ವಸ್ತು ಕಿರುತಟ್ಟೆಗಳನ್ನು ಪ್ರಚೋದಿಸುವ ಪಿಎಎಫ್ ಎಂಬ ಅಂಶವನ್ನು ತಡೆಯುತ್ತದೆ.

ಆದರೆ ನಿಯಂತ್ರಿತ ಅಧ್ಯಯನಗಳು ಈ ಭಯವನ್ನು ಸಮರ್ಥಿಸಲಿಲ್ಲ. 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಸ್ಪಿರಿನ್ ಸೇವಿಸುವ ಹಿರಿಯರಿಗೆ ನಾಲ್ಕು ವಾರ ದಿನಕ್ಕೆ 300 ಮಿಲಿಗ್ರಾಂ ಗಿಂಕ್ಗೊ ಸಾರ ಕೊಟ್ಟರೂ ಕಿರುತಟ್ಟೆಗಳ ಕಾರ್ಯದಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಮರೆವಿನ ರೋಗವನ್ನು ತಡೆಯಬಹುದೇ ಎಂದು ತಿಳಿಯಲು 75 ವರ್ಷ ಮೀರಿದ 3,069 ಜನರ ಮೇಲೆ ನಡೆದ, 2008ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿಯೂ ಗಿಂಕ್ಗೊ ಗುಂಪಿನಲ್ಲಿ ದೊಡ್ಡ ರಕ್ತಸ್ರಾವ ಗಣನೀಯವಾಗಿ ಹೆಚ್ಚಲಿಲ್ಲ. ಮಾನವ ರಕ್ತದಲ್ಲಿ ಗಿಂಕ್ಗೊಲೈಡ್ ತಲುಪುವ ಪ್ರಮಾಣವು ಕಿರುತಟ್ಟೆಗಳನ್ನು ತಡೆಯಲು ಬೇಕಾದ ಪ್ರಮಾಣಕ್ಕಿಂತ ಬಹಳ ಕಡಿಮೆ ಎಂಬುದು ಇದಕ್ಕೆ ನೀಡಲಾಗುವ ಕಾರಣ. ಪರೀಕ್ಷಾನಳಿಕೆಯಲ್ಲಿ ಕಂಡದ್ದು ದೇಹದಲ್ಲಿ ಕಾಣಲೇಬೇಕೆಂದಿಲ್ಲ ಎಂಬುದಕ್ಕೆ ಗಿಂಕ್ಗೊ ಸ್ಪಷ್ಟ ನಿದರ್ಶನ. ವಿರಳ ಪ್ರಕರಣಗಳು ಇದರಿಂದ ಸುಳ್ಳಾಗುವುದಿಲ್ಲ; ಅವು ಎಷ್ಟು ವಿರಳವೆಂಬುದು ಮಾತ್ರ ತಿಳಿಯುತ್ತದೆ.

ಇತರ ಮೂಲಿಕೆಗಳು

ಡಾಂಗ್‌ಗ್ವೇ ಎಂಬ ಆಂಜೆಲಿಕಾ ಬೇರು ಹಾಗೂ ಛ್ವಾನ್‌ಶ್ಯೊಂಗ್ ಬೇರು ಎರಡರಲ್ಲಿಯೂ ಫೆರುಲಿಕ್ ಆಮ್ಲವಿದೆ. ಪ್ರಯೋಗಾಲಯದಲ್ಲಿ ಅದು ಕಿರುತಟ್ಟೆಗಳ ಒಗ್ಗೂಡುವಿಕೆಯನ್ನು ತಗ್ಗಿಸುತ್ತದೆ. ಡಾಂಗ್‌ಗ್ವೇ ಮುಖ್ಯವಾಗಿ ಸ್ತ್ರೀಯರ ಮುಟ್ಟಿನ ತೊಂದರೆಗಳಿಗೆ ಬಳಸುವ ಮೂಲಿಕೆಯಾದ್ದರಿಂದ ಹೃದ್ರೋಗದ ಮಾತ್ರೆ ಸೇವಿಸುವ ಮಹಿಳೆಯರು ಇದನ್ನು ಸಂಬಂಧವಿಲ್ಲದ ವಿಷಯವೆಂದು ಭಾವಿಸಿ ವೈದ್ಯರಿಗೆ ತಿಳಿಸದಿರುವ ಸಂಭವವಿದೆ. ವಾರ್ಫರಿನ್ ಜೊತೆ ಇದರ ಪರಸ್ಪರ ಕ್ರಿಯೆಯ ಪ್ರಕರಣವೊಂದು 1999ರಲ್ಲಿ ಪ್ರಕಟವಾಗಿದೆ.

ಯುನ್ನಾನ್ ಪ್ರಾಂತ್ಯದ ಸಾಂಛಿ ಬೇರಿನ ವಿಷಯ ಕುತೂಹಲಕರವಾದುದು. ರಕ್ತಸ್ರಾವ ನಿಲ್ಲಿಸಲು ಹೆಸರಾದ ಯುನ್ನಾನ್ ಬಾಯ್ಯಾವ್ ಪುಡಿಯ ಪ್ರಮುಖ ಘಟಕವೆಂದು ಹೇಳಲಾಗುವ ಈ ಬೇರನ್ನೇ ಹೃದಯ ಮತ್ತು ಮಿದುಳಿನ ರಕ್ತಸಂಚಾರಕ್ಕೆ ಶ್ವೆಸಾಯ್‌ಥೊಂಗ್ ಎಂಬ ಔಷಧದ ರೂಪದಲ್ಲಿ ಕೊಡಲಾಗುತ್ತದೆ. ಬೇರಿನಲ್ಲಿರುವ ಡೆನ್ಸಿಚೀನ್ ಎಂಬ ವಸ್ತು ರಕ್ತಸ್ರಾವವನ್ನು ತಡೆಯುತ್ತದೆ, ಸಪೋನಿನ್‌ಗಳು ಕಿರುತಟ್ಟೆಗಳನ್ನು ತಡೆಯುತ್ತವೆ. ಯಾವುದು ಮೇಲುಗೈ ಪಡೆಯುತ್ತದೆ ಎಂಬುದು ಸಂಸ್ಕರಣೆಯನ್ನು ಅವಲಂಬಿಸಿದೆ. ಸಾಂಪ್ರದಾಯಿಕ ವೈದ್ಯರು ಇದನ್ನು ರಕ್ತವನ್ನು ನಿಲ್ಲಿಸಿಯೂ ಸ್ತಂಭನ ಉಂಟುಮಾಡದ ಮೂಲಿಕೆಯೆಂದು ಬಣ್ಣಿಸುತ್ತಾರೆ.

ಜಿನ್ಸೆಂಗ್ ಬೇರು ಸಿವೈಪಿ3ಎ ಕಿಣ್ವಗಳನ್ನು ಉತ್ತೇಜಿಸುವುದು ಆರೋಗ್ಯವಂತರ ಮೇಲಿನ ಪ್ರಯೋಗದಲ್ಲಿ ಕಂಡುಬಂದಿದೆ. ವೂವೇಯ್‌ಝಿ ಎಂಬ ಸ್ಕಿಸಾಂಡ್ರಾ ಹಣ್ಣು ಇದಕ್ಕೆ ವಿರುದ್ಧ. ಮೂತ್ರಪಿಂಡ ಕಸಿಯಾದವರಿಗೆ ಕೊಡುವ ಟ್ಯಾಕ್ರೊಲಿಮಸ್ ಔಷಧದ ಪ್ರಮಾಣವನ್ನು ಅದು ರಕ್ತದಲ್ಲಿ ಬಹಳ ಏರಿಸುತ್ತದೆ. ಚೀನಾದ ವೈದ್ಯರು ದುಬಾರಿ ಔಷಧವನ್ನು ಮಿತವಾಗಿ ಬಳಸಲು ಈ ಗುಣವನ್ನು ಉದ್ದೇಶಪೂರ್ವಕವಾಗಿಯೇ ಉಪಯೋಗಿಸಿಕೊಳ್ಳುವುದುಂಟು. ಇದೇ ಕಿಣ್ವವನ್ನು ಅವಲಂಬಿಸಿದ ಟಿಕಾಗ್ರೆಲಾರ್‌ನ ಪ್ರಮಾಣವೂ ಹೀಗೆಯೇ ಏರುಪೇರಾಗಬಹುದೆಂದು ನಿರೀಕ್ಷಿಸಲಾಗಿದೆ. ಕಹಿಯಾದ ಹ್ವಾಂಗ್‌ಲ್ಯಾನ್ ಬೇರಿನ ಬರ್ಬೆರಿನ್ ಕೂಡ ಮಾನವರಲ್ಲಿ ಸಿವೈಪಿ3ಎ4 ಅನ್ನು ತಡೆಯುತ್ತದೆ.

ಒಣಗಿಸಿದ ಜಿಗಣೆಯೂ ಚೀನೀ ಹೃದ್ರೋಗ ಔಷಧಗಳಲ್ಲಿ ಸೇರುತ್ತದೆ. ಜೀವಂತ ಜಿಗಣೆಯ ಜೊಲ್ಲಿನಲ್ಲಿರುವ ಹಿರುಡಿನ್ ಎಂಬ ಪ್ರೋಟೀನು ರಕ್ತ ಹೆಪ್ಪುಗಟ್ಟುವುದನ್ನು ಬಲವಾಗಿ ತಡೆಯುತ್ತದೆ. ಆಧುನಿಕ ವೈದ್ಯದ ಬಿವಾಲಿರುಡಿನ್ ಚುಚ್ಚುಮದ್ದು ಇದರ ಮಾದರಿಯಲ್ಲಿಯೇ ರೂಪುಗೊಂಡಿತು. ಆದರೆ ಒಣಗಿಸಿ, ಕಾಯಿಸಿ, ನುಂಗಿದ ಪ್ರೋಟೀನು ಜಠರದಲ್ಲಿ ಎಷ್ಟು ಉಳಿದೀತು ಎಂಬ ಪ್ರಶ್ನೆಯಿದೆ. ಮೇಲಾಗಿ, ಚೀನಾದ ಔಷಧಕೋಶ ಒಪ್ಪುವ ಮೂರು ಜಾತಿಗಳಲ್ಲಿ ಎಲ್ಲವೂ ರಕ್ತ ಹೀರುವ ಜಿಗಣೆಗಳಲ್ಲ. ಬಸವನಹುಳುವನ್ನು ತಿಂದು ಬದುಕುವವೂ ಇವೆ.

ಆಹಾರವೂ ಈ ವಿಷಯದಿಂದ ಹೊರತಲ್ಲ. 1980ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಡೇಲ್ ಹ್ಯಾಮರ್‌ಸ್ಮಿತ್ ಎಂಬ ವೈದ್ಯ, ಚೀನೀ ಊಟದ ನಂತರ ಕಿರುತಟ್ಟೆಗಳ ಕಾರ್ಯ ಕುಗ್ಗಿದುದನ್ನು ಗಮನಿಸಿ, ಅದಕ್ಕೆ ಸಿಚುವಾನ್ ಶೈಲಿಯ ತೋಫು ಖಾದ್ಯದಲ್ಲಿದ್ದ ಕಪ್ಪು ಮರದಣಬೆ ಕಾರಣವೆಂದು ಕಂಡುಕೊಂಡರು. ಅಣಬೆಯಲ್ಲಿನ ಅಡೆನೋಸಿನ್ ಎಂಬ ವಸ್ತುವಿನ ಪಾತ್ರವನ್ನು ಗುರುತಿಸಲಾಗಿದೆ.

ಚಿಕಿತ್ಸಾ ಪ್ರಯೋಗಗಳು

ಮೂಲಿಕೆಯನ್ನು ಕಿರುತಟ್ಟೆ ನಿರೋಧಕಗಳ ಜೊತೆಗೇ ಕೊಟ್ಟು ನಡೆಸಿದ ದೊಡ್ಡ ಪ್ರಯೋಗಗಳು ಕಡಿಮೆ. ಅವುಗಳಲ್ಲಿ ಗಮನಾರ್ಹವಾದುದು ಥೊಂಗ್‌ಶಿನ್‌ಲ್ವೊ ಎಂಬ ಮಿಶ್ರಣದ ಕುರಿತು ಚೀನಾದ 124 ಆಸ್ಪತ್ರೆಗಳಲ್ಲಿ ತೀವ್ರ ಹೃದಯಾಘಾತವಾದ 3,700ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ, 2023ರಲ್ಲಿ ಪ್ರಕಟವಾದ ಪ್ರಯೋಗ. ಜಿನ್ಸೆಂಗ್, ಜಿಗಣೆ, ಚೇಳು, ಕೆಂಪು ಪಿಯೋನಿ, ಶ್ರೀಗಂಧ ಮೊದಲಾದವುಗಳಿರುವ ಈ ಔಷಧವನ್ನು ನಿಯಮಿತ ಚಿಕಿತ್ಸೆಯ ಜೊತೆಗೆ ಪಡೆದವರಲ್ಲಿ 30 ದಿನಗಳೊಳಗಿನ ಗಂಭೀರ ಹೃದಯ ಮತ್ತು ಮಿದುಳಿನ ಘಟನೆಗಳು ಶೇ. 3.4, ಹುಸಿಮಾತ್ರೆ ಪಡೆದವರಲ್ಲಿ ಶೇ. 5.2 ಇದ್ದವು. ದೊಡ್ಡ ರಕ್ತಸ್ರಾವದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಜೀರ್ಣಾಂಗದ ತೊಂದರೆಗಳು ಮೂಲಿಕೆ ಗುಂಪಿನಲ್ಲಿ ಹೆಚ್ಚಿದ್ದವು. ಒಂದು ನಿರ್ದಿಷ್ಟ ಕಾರ್ಖಾನೆಯ, ಒಂದೇ ಗುಣಮಟ್ಟದ ಉತ್ಪನ್ನಕ್ಕೆ ಈ ಫಲಿತಾಂಶ ಅನ್ವಯಿಸುತ್ತದೆ. ಅಂಗಡಿಯಲ್ಲಿ ತೂಗಿ ಕೊಡುವ ಬೇರುಗಳಿಗೆ ಇದನ್ನು ವಿಸ್ತರಿಸಲಾಗದು.

ಡಾನ್‌ಶೆನ್, ಸಾಂಛಿ ಮತ್ತು ಬೋರ್ನಿಯೋಲ್ ಸೇರಿದ ಗುಳಿಗೆಯನ್ನು ತ್ಯಾನ್‌ಜಿನ್‌ನ ತಾಸ್ಲಿ ಸಂಸ್ಥೆಯು ಟಿ89 ಎಂಬ ಹೆಸರಿನಲ್ಲಿ ಅಮೆರಿಕದ ಔಷಧ ನಿಯಂತ್ರಕರ ಅನುಮತಿಗಾಗಿ ಮೂರನೆಯ ಹಂತದ ಪ್ರಯೋಗಗಳವರೆಗೆ ಕೊಂಡೊಯ್ದಿದೆ.

ಕಲಬೆರಕೆ

ಮೂಲಿಕೆಯದೆಂದು ಭಾವಿಸಲಾದ ಪರಸ್ಪರ ಕ್ರಿಯೆ ಕೆಲವೊಮ್ಮೆ ಮೂಲಿಕೆಯದೇ ಆಗಿರುವುದಿಲ್ಲ. ತೈವಾನ್‌ನಲ್ಲಿ 2,609 ಮಾದರಿಗಳನ್ನು ಪರೀಕ್ಷಿಸಿದ 1997ರ ವರದಿಯ ಪ್ರಕಾರ ಶೇ. 23.7ರಷ್ಟು ಚೀನೀ ಔಷಧಗಳಲ್ಲಿ ಆಧುನಿಕ ಔಷಧಗಳನ್ನು ಬೆರೆಸಲಾಗಿತ್ತು. ಬೆರೆಸಿದ ವಸ್ತುಗಳಲ್ಲಿ ನೋವುನಿವಾರಕ ಇಂಡೊಮೆಥಾಸಿನ್ ಸಹ ಇತ್ತು. ಈ ವರ್ಗದ ನೋವುನಿವಾರಕಗಳು ಆಸ್ಪಿರಿನ್ ಜೊತೆ ಸೇರಿದಾಗ ಜಠರದ ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ಪ್ರಾಸ್ಟೇಟ್ ಕ್ಯಾನ್ಸರ್‌ಗೆಂದು ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ಪಿಸಿ-ಸ್ಪೆಸ್ ಎಂಬ ಚೀನೀ ಮೂಲಿಕೆಗಳ ಮಿಶ್ರಣದಲ್ಲಿ ವಾರ್ಫರಿನ್ ಪತ್ತೆಯಾಗಿ 2002ರಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಲಾಯಿತು. ಅಂತಹ ಪುಡಿಯನ್ನು ಸೇವಿಸುವವರ ರಕ್ತಸ್ರಾವವನ್ನು ಮೂಲಿಕೆಯ ಗುಣಕ್ಕೆ ಆರೋಪಿಸಿದರೆ ತಪ್ಪು ಪಾಠ ಕಲಿತಂತಾಗುತ್ತದೆ.

ಅಳತೆಯ ಸಮಸ್ಯೆ

ವಾರ್ಫರಿನ್ ಸೇವಿಸುವವರು ನಿಯತವಾಗಿ ಐಎನ್‌ಆರ್ ರಕ್ತಪರೀಕ್ಷೆ ಮಾಡಿಸುತ್ತಾರೆ. ಮೂಲಿಕೆಯಿಂದ ಏರುಪೇರಾದರೆ ಆ ಸಂಖ್ಯೆಯಲ್ಲಿ ಅದು ಕಾಣುತ್ತದೆ. ಹಾಂಗ್‌ಕಾಂಗ್‌ನ ಪ್ರಕರಣಗಳು ಬೆಳಕಿಗೆ ಬಂದದ್ದೂ ಹೀಗೆಯೇ. ಆಸ್ಪಿರಿನ್ ಅಥವಾ ಕ್ಲೊಪಿಡೋಗ್ರೆಲ್ ಸೇವಿಸುವವರಿಗೆ ಅಂತಹ ದೈನಂದಿನ ಮಾಪಕವಿಲ್ಲ. ಐಎನ್‌ಆರ್ ಪರೀಕ್ಷೆಯು ಕಿರುತಟ್ಟೆಗಳ ಬಗ್ಗೆ ಏನನ್ನೂ ಹೇಳುವುದಿಲ್ಲ. ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಬರುವ ಕಿರುತಟ್ಟೆಗಳ ಸಂಖ್ಯೆಯೂ ಅವು ಎಷ್ಟಿವೆ ಎಂದಷ್ಟೇ ಹೇಳುತ್ತದೆ. ಕೆಲಸ ಮಾಡುತ್ತಿವೆಯೇ ಎಂದು ಹೇಳುವುದಿಲ್ಲ. ಕಿರುತಟ್ಟೆಗಳ ಕಾರ್ಯವನ್ನು ಅಳೆಯುವ ವಿಶೇಷ ಪರೀಕ್ಷೆಗಳು ಇವೆಯಾದರೂ ಎಲ್ಲ ರೋಗಿಗಳಿಗೂ ಅವನ್ನು ಮಾಡಿಸುವ ಪದ್ಧತಿಯಿಲ್ಲ. ಪರಿಣಾಮವಾಗಿ ಈ ಔಷಧಗಳ ವಿಷಯದಲ್ಲಿ ಪರಸ್ಪರ ಕ್ರಿಯೆಯ ಮೊದಲ ಸೂಚನೆ ಅನೇಕ ವೇಳೆ ರಕ್ತಸ್ರಾವವೇ ಆಗಿರುತ್ತದೆ, ಇಲ್ಲವೇ ಮತ್ತೊಂದು ಹೃದಯಾಘಾತ. ಎರಡನೆಯದಾದರೆ ಅದನ್ನು ರೋಗದ ಸಹಜ ಮುಂದುವರಿಕೆಯೆಂದೇ ಬಗೆಯಲಾಗುತ್ತದೆ, ಮೂಲಿಕೆಯ ಕಡೆ ಯಾರೂ ನೋಡುವುದಿಲ್ಲ. ಪ್ರಕಟಿತ ವರದಿಗಳಲ್ಲಿ ವಾರ್ಫರಿನ್ ಪ್ರಕರಣಗಳೇ ಹೆಚ್ಚಾಗಿರುವುದಕ್ಕೆ ಈ ವ್ಯತ್ಯಾಸವೂ ಒಂದು ಕಾರಣವೆಂದು ತೋರುತ್ತದೆ.

ಭಾರತೀಯ ಸಂದರ್ಭ

ಸಿವೈಪಿ2ಸಿ19 ಕಿಣ್ವದ ವಂಶವಾಹಿಯ ದುರ್ಬಲ ರೂಪಗಳು ಯುರೋಪಿಯನ್ನರಿಗಿಂತ ಪೂರ್ವ ಏಷ್ಯಾದವರಲ್ಲಿ ಹೆಚ್ಚು ಕಂಡುಬರುತ್ತವೆ. ಎರಡೂ ಪ್ರತಿಗಳು ದುರ್ಬಲವಾಗಿರುವವರಲ್ಲಿ ಕ್ಲೊಪಿಡೋಗ್ರೆಲ್ ಸರಿಯಾಗಿ ಸಕ್ರಿಯಗೊಳ್ಳುವುದಿಲ್ಲವೆಂದು ಅಮೆರಿಕದ ಔಷಧ ನಿಯಂತ್ರಕರು 2010ರಲ್ಲಿ ಎಚ್ಚರಿಕೆ ನೀಡಿದರು. ದಕ್ಷಿಣ ಭಾರತೀಯರಲ್ಲಿಯೂ ಈ ರೂಪಗಳು ಸಾಮಾನ್ಯವೆಂದು ಅಧ್ಯಯನಗಳು ತೋರಿಸಿವೆ. ಮೊದಲೇ ಕಿಣ್ವ ದುರ್ಬಲವಾಗಿರುವವರಲ್ಲಿ ಮೂಲಿಕೆಯೊಂದು ಅದನ್ನು ಇನ್ನಷ್ಟು ತಡೆದರೆ ಮಾತ್ರೆ ನುಂಗಿಯೂ ರಕ್ಷಣೆ ಇಲ್ಲದಂತಾಗಬಹುದು.

ಕರ್ನಾಟಕದಲ್ಲಿ ಚೀನೀ ಕಷಾಯಗಳ ಬಳಕೆ ವಿರಳ. ಗಿಂಕ್ಗೊ ಮತ್ತು ಜಿನ್ಸೆಂಗ್ ಮಾತ್ರ ಶಕ್ತಿವರ್ಧಕ ಮಾತ್ರೆಗಳ ರೂಪದಲ್ಲಿ ಔಷಧದಂಗಡಿಗಳಲ್ಲಿ ದೊರೆಯುತ್ತವೆ. ಆದರೆ ಚೀನೀ ಪಟ್ಟಿಯ ಕೆಲವು ಸಸ್ಯಗಳು ಅಥವಾ ಅವುಗಳ ರಾಸಾಯನಿಕಗಳು ಇಲ್ಲಿಯೂ ಪರಿಚಿತ. ಹ್ವಾಂಗ್‌ಲ್ಯಾನ್‌ನ ಬರ್ಬೆರಿನ್ ಪಶ್ಚಿಮ ಘಟ್ಟದ ಮರದರಿಶಿನದಲ್ಲಿಯೂ ಇದೆ. ಚೀನೀಯರ ಗಾನ್‌ಚಾವ್ ನಮ್ಮ ಜೇಷ್ಠಮಧುವಿನ ಹತ್ತಿರದ ಸಂಬಂಧಿ. ಹೆಚ್ಚು ದಿನ ಸೇವಿಸಿದರೆ ರಕ್ತದೊತ್ತಡವನ್ನು ಏರಿಸಿ ಪೊಟ್ಯಾಸಿಯಂ ಅನ್ನು ಇಳಿಸುವ ಕಾರಣ ಹೃದ್ರೋಗಿಗಳಿಗೆ ಇದು ಬೇರೆ ರೀತಿಯಲ್ಲಿಯೇ ತೊಂದರೆ ಕೊಡಬಲ್ಲದು. ಹೊಂಗ್‌ಹ್ವಾ ಎಂಬುದು ಉತ್ತರ ಕರ್ನಾಟಕದ ಹೊಲಗಳಲ್ಲಿ ಬೆಳೆಯುವ ಕುಸುಬೆಯೇ. ಆದರೆ ಚೀನಾದಲ್ಲಿ ಔಷಧವಾಗುವುದು ಅದರ ಹೂವಿನ ಎಸಳು, ಅದರಲ್ಲಿನ ನೀರಿನಲ್ಲಿ ಕರಗುವ ಹಳದಿ ಬಣ್ಣ. ಬೀಜದಿಂದ ತೆಗೆದ ಅಡುಗೆ ಎಣ್ಣೆಗೆ ಆ ಗುಣವನ್ನು ಆರೋಪಿಸಲು ಆಧಾರವಿಲ್ಲ.

ಚಿಕಿತ್ಸೆಯಲ್ಲಿ ಎಚ್ಚರಿಕೆ

ಕಿರುತಟ್ಟೆ ನಿರೋಧಕ ಮಾತ್ರೆ ಮತ್ತು ಮೂಲಿಕೆಗಳ ನಡುವೆ ಸಂದೇಹ ಬಂದಾಗ ರೋಗಿಯು ತಾನಾಗಿ ನಿಲ್ಲಿಸಬಾರದ್ದು ಮಾತ್ರೆಯನ್ನು. ಸ್ಟೆಂಟ್ ಅಳವಡಿಸಿದ ಮೊದಲ ತಿಂಗಳುಗಳಲ್ಲಿ ಮಾತ್ರೆ ನಿಲ್ಲಿಸುವುದು ಸ್ಟೆಂಟಿನೊಳಗೆ ಹೆಪ್ಪುಗಟ್ಟಲು ಪ್ರಮುಖ ಕಾರಣಗಳಲ್ಲೊಂದು. ಮೂಲಿಕೆಯನ್ನು ಹಠಾತ್ತನೆ ಆರಂಭಿಸುವುದರಂತೆಯೇ, ಬಹುದಿನಗಳಿಂದ ಸೇವಿಸುತ್ತಿರುವುದನ್ನು ವೈದ್ಯರಿಗೆ ತಿಳಿಸದೆ ನಿಲ್ಲಿಸುವುದೂ ಔಷಧದ ಪ್ರಮಾಣವನ್ನು ಬದಲಿಸಬಹುದು. ವೈದ್ಯರಿಗೆ ಮೂಲಿಕೆಯ ಹೆಸರನ್ನಷ್ಟೇ ಹೇಳುವುದಕ್ಕಿಂತ ಡಬ್ಬಿಯನ್ನೇ ತೋರಿಸುವುದು ಉಪಯುಕ್ತ; ಅದು ಕಷಾಯವೋ ಸಾರವೋ, ಜೊತೆಗೆ ಬೇರೆ ಏನಿದೆ ಎಂಬುದು ಹೆಸರಿನಿಂದ ತಿಳಿಯುವುದಿಲ್ಲ.

ಶಸ್ತ್ರಚಿಕಿತ್ಸೆಗೆ ಮುನ್ನ ಗಿಂಕ್ಗೊವನ್ನು ಕನಿಷ್ಠ 36 ಗಂಟೆ, ಜಿನ್ಸೆಂಗ್ ಮತ್ತು ಬೆಳ್ಳುಳ್ಳಿ ಮಾತ್ರೆಗಳನ್ನು 7 ದಿನ ಮೊದಲು ನಿಲ್ಲಿಸಬೇಕೆಂದು 2001ರಲ್ಲಿ ಪ್ರಕಟವಾದ ಅಮೆರಿಕದ ವಿಮರ್ಶಾ ಲೇಖನವೊಂದು ಸೂಚಿಸಿತು. ಎಲ್ಲ ಮೂಲಿಕೆಗಳನ್ನೂ ಎರಡು ವಾರ ಮೊದಲೇ ನಿಲ್ಲಿಸಲು ಹೇಳುವ ಅರಿವಳಿಕೆ ತಜ್ಞರೂ ಇದ್ದಾರೆ. ಎರಡೂ ಬಗೆಯ ಔಷಧಗಳನ್ನು ಸೇವಿಸುವವರಲ್ಲಿ ಕಪ್ಪು ಡಾಂಬರಿನಂತಹ ಮಲ, ವಸಡಿನಿಂದ ಅಥವಾ ಮೂಗಿನಿಂದ ನಿಲ್ಲದ ರಕ್ತ, ಕಾರಣವಿಲ್ಲದೆ ಚರ್ಮದ ಮೇಲೆ ಮೂಡುವ ನೀಲಿ ಕಲೆಗಳು, ಹಠಾತ್ತಾದ ತೀವ್ರ ತಲೆನೋವು ಕಂಡುಬಂದರೆ ರಕ್ತಸ್ರಾವವನ್ನು ಶಂಕಿಸಬೇಕು. ಎದೆನೋವು ಮರುಕಳಿಸಿದರೆ ಔಷಧ ಕೆಲಸ ಮಾಡುತ್ತಿಲ್ಲದಿರುವುದನ್ನು ಶಂಕಿಸಬೇಕು. ಎರಡೂ ಸಂದರ್ಭಗಳಲ್ಲಿ ತಡಮಾಡದೆ ಆಸ್ಪತ್ರೆಗೆ ಹೋಗುವುದು ಅಗತ್ಯ.